ಬೀಗರ ಪಂಕ್ತಿಯ ಹಡಗು

ಹಿಂಗಾರಿ ಜೋಳ ಹಾಲು ತುಂಬುವ ದಿನಗಳು. ಸೋಮವಾರ, ಬೆಳಗಿನ ಹತ್ತು ಗಂಟೆ. ಮಕ್ತಲದ ಕಾಂತೇಶನ ಪಡಸಾಲೆಯಲ್ಲಿ, ಮಂಚದ ಮೇಲೆ ಒಂದು ಬಿಳಿ ಆನೆ ಕೂತಿತ್ತು.

ಟವಲಿನ ಆನೆ.

"ನೋಡ್ರಿ ಕಾಕಾ, ಎರಡು ಟವಲು, ಒಂದು ನಿಮಿಷ," ಎಂದು ಕಾಂತೇಶ ಸೊಂಡಿಲನ್ನು ಎಳೆದು ನೆಟ್ಟಗೆ ಮಾಡಿದ. "ದಿನಕ್ಕ ಹತ್ತೊಂಬತ್ತು ಖೋಲಿ, ಹತ್ತೊಂಬತ್ತು ಪ್ರಾಣಿ. ಇವತ್ತು ಆನಿ, ನಾಳೆ ಮಂಗ್ಯಾ, ನಾಡದ ಬಾತುಕೋಳಿ. ಪ್ಯಾಸೆಂಜರ್ ಮಂದಿ ಫೋಟೋ ಹೊಡಕೊಂಡು ಹೊಡಕೊಂಡು ಸಾಯ್ತಾರ."

"ಹತ್ತೊಂಬತ್ತೋ, ಇಪ್ಪತ್ತೋ?" ಎಂದ ಹಂಪಣ್ಣ.

"ಒಮ್ಮೊಮ್ಮೆ ಇಪ್ಪತ್ತೂ ಬರ್ತಾವ. ಯಾಕ್ರೀ?"

"ಸುಮ್ನ ಕೇಳಿದೆ."

ಹಂಪಣ್ಣ ಸುಮ್ಮಸುಮ್ಮನೆ ಏನನ್ನೂ ಕೇಳುವವನಲ್ಲ. ವಯಸ್ಸು ಎಪ್ಪತ್ತೆರಡು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ನಲವತ್ತು ವರ್ಷ ನಾರಾಯಣಪೇಟೆ, ಮಕ್ತಲ, ಗದ್ವಾಲಗಳ ಮದುವೆಗಳಲ್ಲಿ ಬಡಿಸುವವರ ಮುಂದಾಳಾಗಿದ್ದ. ಯಾರ ಎಲೆಗೆ ಏನು ಬಿತ್ತು, ಯಾರು ಯಾವ ಮಾತಿಗೆ ಎಲೆ ಬಿಟ್ಟು ಎದ್ದರು, ಅದೆಲ್ಲ ಅವನ ತಲೆಯಲ್ಲಿ ಅಚ್ಚೊತ್ತಿ ಕೂತಿತ್ತು. ಅದಕ್ಕೇ ಹೆಣ್ಣು ಕೊಡುವವರೂ ತರುವವರೂ ಮಾತು ಮುಗಿಸುವ ಮುಂಚೆ ಅವನನ್ನು ತಹಕೀಕಾತಿಗೆ ಕಳಿಸುವ ರೂಢಿ ಬೆಳೆದಿತ್ತು. ಹುಡುಗ ಕುಡಿಯುತ್ತಾನೋ, ಅತ್ತೆಯ ಬಾಯಿ ಎಂಥದು, ಮನೆಯಲ್ಲಿ ಮುಚ್ಚಿಟ್ಟಿದ್ದು ಏನಿದೆ, ಎಲ್ಲವನ್ನೂ ಅವನು ಒಂದು ಕಪ್ ಚಹಾ ಕುಡಿಯುವುದರೊಳಗೆ ತಿಳಿದು ಬರುತ್ತಿದ್ದ.

ಈ ಸಲದ ತಹಕೀಕಾತು ಮಾತ್ರ ಹನ್ನೊಂದು ದಿನವಾದರೂ ಮುಗಿದಿರಲಿಲ್ಲ.

ಹನ್ನೊಂದು ದಿನದ ಹಿಂದೆ ನಾರಾಯಣಪೇಟೆಯ ಸೀರೆ ವ್ಯಾಪಾರಿ ಜಂಬಪ್ಪನ ಮನೆಗೆ ಹೆಸರಿಲ್ಲದ ಒಂದು ಲಕೋಟೆ ಬಂದಿತ್ತು. ಅದರಿಂದಾಗಿ ಅವನ ಕಿರಿ ಮಗಳು ಪದ್ಮಶ್ರೀಗೂ ಉಟ್ಕೂರಿನ ಸಿದ್ದರಾಮೇಶನಿಗೂ ಗೊತ್ತಾಗಿದ್ದ ಮದುವೆ ಬುಡಸಹಿತ ಅಲ್ಲಾಡುತ್ತಿತ್ತು. ಸಿದ್ದರಾಮೇಶ ದೊಡ್ಡ ಸಾಹುಕಾರರು ವಿಹಾರಕ್ಕೆ ಹೋಗುವ ಹಡಗಿನಲ್ಲಿ ನೌಕರಿ ಮಾಡುವವನು. ಶಿವರಾತ್ರಿ ಮುಗಿದ ಮೇಲೆ ಊರಿಗೆ ಬರಬೇಕಿತ್ತು.

"ಶುಕ್ರವಾರ, ಮೊದಲೇ ಹೆಣ್ಣು ಕೇಳಿದ್ದ ಗದ್ವಾಲದ ಮಹೇಂದರ್ ಮನಿಯವರಿಗೆ ಮಾತು ಕೊಡ್ತೀನಿ," ಎಂದು ಜಂಬಪ್ಪ ಹೇಳಿದ್ದ. "ಅಷ್ಟರಾಗ ಪತ್ರ ಬರದಾವ ಯಾರಂತ ಹಿಡಕೊಂಡು ಬಾ ಹಂಪಣ್ಣ. ಸುಳ್ಳಂತ ರುಜುವಾತಾದ್ರ ಸಿದ್ದರಾಮೇಶನೇ ನನ್ನ ಅಳಿಯ. ಇಲ್ಲಾಂದ್ರ ಕಳ್ಳಗ ಮಗಳ್ನ ಕೊಟ್ಟ ಜಂಬಪ್ಪ ಅಂತ ನಾ ಅನ್ನಿಸಿಕೊಳ್ಳಾಂವ ಅಲ್ಲ."

ಲಕೋಟೆಯ ಮೇಲೆ ಗದ್ವಾಲದ ಮುದ್ರೆ ಇತ್ತು. ಹಾಗಾಗಿ ಹಂಪಣ್ಣ ಮೊದಲು ಶಕ್ ಪಟ್ಟದ್ದು ಮಹೇಂದರನ ಮೇಲೆ. ಹೋಗಿ ಅವನ ಅಂಗಡಿಯಲ್ಲಿ ಎರಡು ತಾಸು ಕೂತು ಬಂದ. ಅವನಿಗೆ ಹಡಗು ಅಂದರೆ ಜೂರಾಲ ಅಣೆಕಟ್ಟಿನ ಮೀನಿನ ತೆಪ್ಪ. "ನೀರಿನ ಮ್ಯಾಲೆ ಖೋಲಿ ಯಾಕ್ರಿ, ಒಳಗ ನೀರು ಬರಂಗಿಲ್ಲೇನು?" ಎಂದು ಅವನೇ ಹಂಪಣ್ಣನನ್ನು ಕೇಳಿದ್ದ. ಅಂಥವನು ಆ ಪತ್ರ ಬರೆಯಲು ಸಾಧ್ಯವಿರಲಿಲ್ಲ.

ಪತ್ರ ಬರೆದವರಿಗೆ ಹಡಗಿನ ಒಳಗು ಗೊತ್ತಿತ್ತು.

ಸುತ್ತಲ ಮೂರು ಊರಿನಲ್ಲಿ ಹಡಗು ಹತ್ತಿದವರು ಇಬ್ಬರೇ. ಒಬ್ಬ ಸಿದ್ದರಾಮೇಶ. ಇನ್ನೊಬ್ಬ ಈಗ ಆನೆಯ ಕಿವಿ ತಿದ್ದುತ್ತಿರುವ ಈ ಕಾಂತೇಶ. ಜಂಬಪ್ಪನ ಹಿರಿ ಅಳಿಯ. ದೀಪಾವಳಿಗೆ ರಜೆಯ ಮೇಲೆ ಬಂದವನು ಸಂಕ್ರಾಂತಿ ಮುಗಿಸಿ ಮತ್ತೆ ಹೊರಡುವವನಿದ್ದ.

ಅವನ ಹೆಂಡತಿ, ಪದ್ಮಶ್ರೀಯ ಅಕ್ಕ ಬಸವೇಶ್ವರಿ, ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಅದು ಅವಳ ಕೈಗೆಲಸ. ವಾರಕ್ಕೊಮ್ಮೆ ಗದ್ವಾಲಕ್ಕೆ ಹೋಗಿ ಸೀರೆ ತಂದು, ಕುಚ್ಚು ಕಟ್ಟಿ ಮರಳಿ ಕೊಟ್ಟು ಬರುತ್ತಿದ್ದಳು.

"ಚಹಾ ಇನ್ನೊಂದು ಸ್ವಲ್ಪ ಹಾಕ್ಲೇನ್ರಿ ಕಾಕಾ?"

"ಬ್ಯಾಡವ್ವಾ ಬಸವಿ. ಹೊಟ್ಟಿ ತುಂಬೈತಿ."

"ನಲವತ್ತು ವರ್ಷ ಊರಿಗೆಲ್ಲ ಒತ್ತಾಯ ಮಾಡಿ ಹಾಕಿದವರು, ನಿಮಗ ಹಾಕಾಕ ಬಂದ್ರ ಕೈ ಅಡ್ಡ ಹಿಡೀತೀರಿ," ಎಂದು ನಕ್ಕಳು.

ಹಂಪಣ್ಣನೂ ನಕ್ಕ. ಆಮೇಲೆ ಕಾಂತೇಶನ ಕಡೆ ತಿರುಗಿ, ದಾರಿ ಕೇಳುವವನ ಹಾಗೆ ಕೇಳಿದ.

"ಸಿದ್ದರಾಮೇಶನ ಹಡಗೂ ಇಂಥಾದ್ದೇ ಏನಪಾ?"

ಆನೆಯ ಒಂದು ಕಿವಿ ಬಿಚ್ಚಿಕೊಂಡಿತು. ಕಾಂತೇಶ ಅದನ್ನು ಮತ್ತೆ ಮಡಚಲಿಲ್ಲ.

"ಅವಂದಾ? ಏನೈತ್ರಿ ಅವಂದು? ನಮ್ಮ ಹಡಗಿನ್ಯಾಗ ಐದು ಸಾವಿರ ಪ್ಯಾಸೆಂಜರ್. ಹದಿನೆಂಟು ಅಂತಸ್ತು. ಮಾಳಗಿ ಮ್ಯಾಲೆ ನೀರಿನ ಜಾರುಬಂಡಿ, ಒಳಗ ಬಜಾರು, ನಾಟಕದ ಥಿಯೇಟರು. ಮಕ್ತಲ ಪ್ಯಾಟಿನೇ ಎತ್ತಿ ಒಳಗಿಟ್ರೂ ಇನ್ನಾ ಜಾಗ ಉಳಿತೈತಿ. ಅವಂದು ಆರ್ನೂರು ಮಂದಿ ಹಿಡಿಯೋ ಡೋಣಿ. ಒಮ್ಮೆ ಬಂದರಿನ್ಯಾಗ ಎರಡೂ ಒಟ್ಟಿಗೆ ನಿಂತಿದ್ವು. ಎಮ್ಮಿ ಪಕ್ಕ ಕರ ನಿಂತಂಗ ಇತ್ತು."

"ಮತ್ತ ಜಂಬಪ್ಪ ಅದನ್ನೇ ಹೊಗಳ್ತಾನಲ್ಲ."

"ಮಾವನೋರಿಗೆ ಹೊಸ ಅಳಿಯ ಅಂದ್ರ ಹೊಸ ಸೀರಿ ಇದ್ದಂಗ. ಗಂಜಿ ಹೋದಮ್ಯಾಲ ತಿಳೀತೈತಿ."

"ಅಲ್ಲಿ ಒಳಗ ಹೆಂಗಿರ್ತೈತಿ? ನಿಂಗ ಗೊತ್ತಿರಬೇಕಲ್ಲ."

"ನಂಗೇನು ಗೊತ್ರಿ ಅವಂದು?" ಎಂದ ಕಾಂತೇಶ, ಮುಖ ಆ ಕಡೆ ಮಾಡಿ. "ಹಡಗು ಅಂದ್ರ ಹಡಗು. ಕೆಳಗ ನೀರು ಅದೇ ಉಪ್ಪು ನೀರು."

ಹಂಪಣ್ಣ ಅಂಗಿಯ ಜೇಬಿನಿಂದ ಲಕೋಟೆ ತೆಗೆದು ಆನೆಯ ಮುಂದೆ ಇಟ್ಟ. ಒಳಗಿನ ಹಾಳೆ ತೆಗೆಯಲಿಲ್ಲ. ಕಂಪ್ಯೂಟರಿನಲ್ಲಿ ತೆಲುಗಿನಲ್ಲಿ ಒತ್ತಿಸಿದ್ದ ಅಕ್ಷರ ಅವನಿಗೆ ಬೇಗ ಓದಲು ಬರುತ್ತಿರಲಿಲ್ಲ. ಒಮ್ಮೆ ಓದಿಸಿ ಕೇಳಿದ್ದ. ಅವನಿಗೆ ಅಷ್ಟು ಸಾಕು.

"ಬಾಯಿಪಾಠ ಹೇಳ್ತೀನಿ, ಕೇಳು," ಎಂದ. "ನಾನು ಅದೇ ಹಡಗಿನಲ್ಲಿ ಕೆಲಸ ಮಾಡುವ ನಿಮ್ಮ ಹಿತೈಷಿ. ಸಿದ್ದರಾಮೇಶ ಅಲ್ಲಿ ಇಪ್ಪತ್ತು ಖೋಲಿ ಗುಡಿಸುವವನು. ಟವಲಿನಲ್ಲಿ ಆನೆ, ಬಾತುಕೋಳಿ ಮಾಡಿಟ್ಟು ಬಕ್ಷೀಸಿಗೆ ಕೈಯೊಡ್ಡುವವನು. ಒಬ್ಬ ಮುದುಕಿ ಕುಡಿದ ಒಂದು ಗ್ಲಾಸಿಗೆ ಆಕೆಯ ಕಾರ್ಡನ್ನು ಎರಡು ಸಲ ಉಜ್ಜಿ ಸಿಕ್ಕಿಬಿದ್ದಿದ್ದಾನೆ. ಕರಾರು ಮುಗಿದ ಮೇಲೆ ಕಂಪನಿ ಅವನನ್ನು ಮತ್ತೆ ಕರೆಯುವುದಿಲ್ಲ. ಮಗಳನ್ನು ಬಾವಿಗೆ ನೂಕುವ ಮುಂಚೆ ಯೋಚಿಸಿರಿ."

ಹೊಸ್ತಿಲಲ್ಲಿ ಕುಚ್ಚಿನ ದಾರ ಎಳೆಯುವ ಸಪ್ಪಳ ಮಾತ್ರ ಕೇಳುತ್ತಿತ್ತು.

"ಮೊನ್ನೆ ಜಂಬಪ್ಪನ ಅಂಗಡ್ಯಾಗ ಕುಂತು ಸಿದ್ದರಾಮೇಶನ ಕೂಡ ಫೋನಿನ್ಯಾಗ ಮಾತಾಡಿದೆ," ಎಂದ ಹಂಪಣ್ಣ. "ಕಳ್ಳತನದ ಮಾತು ಎತ್ತಲಿಲ್ಲ. ದಿನಾ ಏನೇನು ಮಾಡ್ತೀಯಪಾ, ಬೆಳಗ್ಗಿಂದ ಹೇಳು ಅಂದೆ. ಹೇಳಿದ. ಅವ ಬಟ್ಲರ್ ಅಂತ. ಹತ್ತು ಖೋಲಿಗೆ ಒಬ್ಬ. ಬಂದವರ ಪೆಟ್ಟಿಗಿ ಬಿಚ್ಚಿ ಬಟ್ಟಿ ಜೋಡಸ್ತಾನ. ಯಾರಿಗೆ ಚಹಾ ಎಷ್ಟು ಕಡಕ್ ಬೇಕು, ಯಾರ ಮೊಣಕಾಲು ನೋಯ್ತದ, ಎಲ್ಲಾ ನೆನಪಿಟ್ಕೊಬೇಕು. ಎರಡನೇ ಸಲ ಕೇಳಬಾರ್ದು. ಊಟಕ್ಕ ಸಾಲು ಇಲ್ಲ, ಹೊತ್ತು ಇಲ್ಲ, ಹಸಿವಾದಾಗ ಊಟ. ಕುಡಿಯಾಕ ಏನು ಕೇಳಿದ್ರೂ ಕೊಡಬೇಕು, ಅದಕ್ಕ ಚೀಟಿ ಇಲ್ಲ, ಕಾರ್ಡು ಇಲ್ಲ. ಹತ್ತೋ ಮುಂಚೇನೇ ಎಲ್ಲಾ ತೀರಿಸಿ ಹತ್ತಿರ್ತಾರಂತ. ಬಕ್ಷೀಸು ಸುದ್ದಾ ಅದ್ರಾಗೇ. ಟವಲಿನ ಆನಿ ಮಾಡ್ತೀಯೇನು ಅಂತ ಕೇಳಿದೆ. 'ಅದು ದೊಡ್ಡ ಹಡಗಿನ ಪದ್ಧತಿ ಕಾಕಾ, ಇಲ್ಲಿ ಮಾಡಿದ್ರ ಬೈತಾರ' ಅಂದ."

"ಅಂದ್ರ?"

"ಅಂದ್ರ ಕಾರ್ಡೇ ಇಲ್ಲದ ಹಡಗಿನ್ಯಾಗ ಎರಡು ಸಲ ಕಾರ್ಡು ಉಜ್ಜಾಕ ಬರಂಗಿಲ್ಲ. ಇದು ಆ ಹಡಗಿನ ಬಾಯಿ ಅಲ್ಲ ಕಾಂತೇಶ. ನಿನ್ನ ಹಡಗಿನ ಬಾಯಿ."

ಕಾಂತೇಶ ಆನೆಯನ್ನು ಪಕ್ಕಕ್ಕೆ ಸರಿಸಿದ. ಏಳುತ್ತಾನೆ, ಕೂಗುತ್ತಾನೆ ಎಂದುಕೊಂಡ ಹಂಪಣ್ಣ. ಕೂಗಲಿಲ್ಲ. ನಕ್ಕ. ಕಹಿ ಮದ್ದಿನಂಥ ನಗು.

"ನೀವೇ ಏನ್ರಿ ಇದನ್ನ ಕೇಳಾಕ ಬಂದಿದ್ದು? ನೀವೇ?"

"ಯಾಕ?"

"ನಿಶ್ಚಿತಾರ್ಥದ ದಿನ ನನ್ನ ಕೈಯಾಗ ಸಾರಿನ ಬಕೀಟು ಕೊಟ್ಟಾವರು ಯಾರು?"

ಹಂಪಣ್ಣನಿಗೆ ನೆನಪಿತ್ತು. ಕಾರ್ತಿಕದಲ್ಲಿ, ಜಂಬಪ್ಪನ ಅಂಗಳದಲ್ಲಿ. ಈ ಕಡೆಯ ಮದುವೆಗಳಲ್ಲಿ ಬೀಗರ ಪಂಕ್ತಿ ಬೇರೆ, ಊರ ಪಂಕ್ತಿ ಬೇರೆ. ಬೀಗರ ಪಂಕ್ತಿಯಲ್ಲಿ ಇಬ್ಬರಿಗೊಬ್ಬ ಬಡಿಸುವವನು. ಬೇಕಾ ಎಂದು ಕೇಳುವ ಹಾಗಿಲ್ಲ. ಮುಖ ನೋಡಿ ತಿಳಿದು ಹಾಕಬೇಕು, ಎಲೆಯ ಮೇಲೆ ಕೈ ಅಡ್ಡ ಬಂದಾಗಲೇ ನಿಲ್ಲಿಸಬೇಕು. ಊರ ಪಂಕ್ತಿಯಲ್ಲಿ ನಾಲ್ಕು ಜನ, ಇನ್ನೂರು ಎಲೆ. ಓಡುತ್ತಾ ಹಾಕುವುದು, ಸಿಕ್ಕವರಿಗೆ ಸಿಕ್ಕಿತು. ಹುಗ್ಗಿ ಎರಡಕ್ಕೂ ಒಂದೇ ಕೊಪ್ಪರಿಗೆಯದು. ಆದರೂ ಯಾವ ಪಂಕ್ತಿಯಲ್ಲಿ ಕೂಡಿಸಿದರು ಎನ್ನುವುದನ್ನು ಮನುಷ್ಯ ಸಾಯುವ ತನಕ ಮರೆಯುವುದಿಲ್ಲ.

ಆ ದಿನ ಸಿದ್ದರಾಮೇಶನನ್ನು ಬೀಗರ ಪಂಕ್ತಿಯ ನಡುವೆ, ಬೆಳ್ಳಿ ತಟ್ಟೆಯ ಮುಂದೆ ಕೂಡಿಸಿದ್ದರು. ಹಿರಿ ಅಳಿಯನಾದ ಕಾಂತೇಶ ಅವನ ಪಕ್ಕದ ಮಣೆಗೆ ಕೂಡಲು ಹೋಗುತ್ತಿದ್ದ. ಬಡಿಸುವವನೊಬ್ಬ ಕಡಿಮೆ ಬಿದ್ದಿದ್ದ. ಆಗ ಜಂಬಪ್ಪ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಅಂದಿದ್ದ: "ಏ ಕಾಂತೇಶ, ನೀ ಐದು ಸಾವಿರ ಮಂದಿಗೆ ಬಡಿಸಿದ ಗಂಡಸು, ಇದ್ಯಾವ ಲೆಕ್ಕ! ಹಂಪಣ್ಣ, ಇವನ ಕೈಗೆ ಬಕೀಟು ಕೊಡು!"

ಎಲ್ಲರೂ ನಕ್ಕರು. ಹಂಪಣ್ಣ ಬಕೆಟ್ಟು ಕೊಟ್ಟಿದ್ದ. ಕಾಂತೇಶ ಹಿಡಿದಿದ್ದ. ಸಿದ್ದರಾಮೇಶನ ತಟ್ಟೆಗೂ ಅವನೇ ಸಾರು ಹಾಕಿದ್ದ.

"ಕೊಟ್ಟೆ," ಎಂದ ಹಂಪಣ್ಣ. "ಕೊಡಬಾರ್ದಿತ್ತು. ತಪ್ಪು ನಂದು."

ತಪ್ಪು ಎಂಬ ಮಾತಿಗೆ ಕಾಂತೇಶ ಸಿದ್ಧನಿರಲಿಲ್ಲ. ಆಮೇಲೆ ಮಂಚದ ಕೆಳಗೆ ಬಗ್ಗಿ, ಗಾಲಿ ಇದ್ದ ಪೆಟ್ಟಿಗೆ ಎಳೆದು, ಬಟ್ಟೆಗಳ ಅಡಿಯಿಂದ ಒಂದು ನೀಲಿ ನೋಟ್‌ಬುಕ್ ತೆಗೆದ.

"ಹೊಟ್ಟಿಕಿಚ್ಚು ಇಲ್ಲಂತ ನಾ ಅನ್ನಂಗಿಲ್ಲ ಕಾಕಾ. ಐತಿ. ಉಂಡ ಅನ್ನ ಕರಗದಷ್ಟು ಐತಿ. ಆದ್ರ ಈ ಪತ್ರ ನಂದಲ್ಲ. ಇದನ್ನ ನೋಡ್ರಿ."

"ನನಗೆಲ್ಲಿ ಓದಾಕ ಬರ್ತದ? ನೀನೇ ಓದು."

ಕಾಂತೇಶ ಓದಿದ.

"ಅತಿಥಿಯ ಹೆಸರು ಮೊದಲ ದಿನವೇ ಕಲಿ. ಎರಡನೇ ಸಲ ಕೇಳಬೇಡ. ಬೆಲೆಯ ಮಾತು ಆಡಬೇಡ. ಗ್ಲಾಸಿಗೆ ಕಾರ್ಡು ಕೇಳಬೇಡ. ಬಾಗಿಲು ಬಡಿಯುವ ಮುಂಚೆ ಅವರಿಗೆ ಏನು ಬೇಕೆಂದು ತಿಳಿದಿರಲಿ. ಗಟ್ಟಿಯಾಗಿ ನಗಬೇಡ. ಟವಲಿನ ಪ್ರಾಣಿ ಮಾಡಬೇಡ." ಹಾಳೆಯನ್ನು ಹಂಪಣ್ಣನ ಕಡೆ ತಿರುಗಿಸಿದ. "ಈ ಕೊನೀದಕ್ಕ ಕೆಳಗ ಎರಡು ಗೆರಿ ಎಳದೀನಿ, ನೋಡ್ರಿ. ನನ್ನ ಕೈ ತಾನೇ ಮಡಚಾಕ ಹೋಗ್ತಿತ್ತು."

"ಇದೇನಿದು?"

"ಸಿದ್ದರಾಮೇಶನ ಕಂಪನಿ. ಅಲ್ಲಿಗೆ ನಾ ಮೂರು ಸಲ ಅರ್ಜಿ ಹಾಕೀನಿ. ಮೂರು ಸಲ ಮುಂಬೈಗೆ ಹೋಗಿ ಇಂಟರ್ವ್ಯೂ ಕೊಟ್ಟೀನಿ. ಇಸ್ಕೂಲಿನ್ಯಾಗ ಇಷ್ಟು ಓದಿದ್ರ ಇವತ್ತು ಕಲೆಕ್ಟರ್ ಆಗಿರ್ತಿದ್ದೆ. ಮೂರು ಸಲಾನೂ ಒಂದೇ ಮಾತು. 'ನಿಮ್ಮ ಅನುಭವ ಎಲ್ಲಾ ದೊಡ್ಡ ಹಡಗಿಂದು.' ಏಳು ವರ್ಷ ದುಡದೀನಿ, ಅದೇ ನನಗ ಮುಳುವಾತು. ಮೂರನೇ ಸಲ ನಾ ಕೇಳಿದ ಜಾಗಕ್ಕ ಒಬ್ಬ ಹೊಸಬ ಹೋದ. ಯಾರಂತೀರಿ?"

"ಸಿದ್ದರಾಮೇಶ," ಎಂದ ಹಂಪಣ್ಣ.

"ಅವ ಅಲ್ಲಿ ಏನು ಮಾಡ್ತಾನ, ಏನು ಮಾಡಂಗಿಲ್ಲ, ಅವನಕಿಂತ ನಂಗ ಜಾಸ್ತಿ ಗೊತ್ತೈತಿ. ಗೊತ್ತಿಲ್ಲಂತ ಈಗ ಸುಳ್ಳು ಹೇಳಿದೆ, ಮರ್ಯಾದಿಗೆ ಅಂಜಿ. ನಾನೇ ಬರದಿದ್ರ ಕಾರ್ಡು ಅಂತ ಬರೀತಿದ್ನಾ? ಆನಿ ಅಂತ ಬರೀತಿದ್ನಾ? ಅವನ ಕುತ್ತಿಗಿ ಹಿಡಿಯಂಗ ಬರೀತಿದ್ದೆ ಕಾಕಾ. ಒಂದು ಎಳಿ ಹೆಚ್ಚುಕಮ್ಮಿ ಆಗದಂಗ."

ಅದು ಖರೆ ಸಾಕ್ಷಿ ಎಂದು ಹಂಪಣ್ಣನಿಗೆ ಅನ್ನಿಸಿತು. ಹೊಟ್ಟೆಕಿಚ್ಚು ಅರೆಬರೆ ಕಲಿಯುವುದಿಲ್ಲ. ತನಗೆ ಸಿಗದ ಪಂಕ್ತಿಯನ್ನು ಈ ಹುಡುಗ ಎಲೆ ಎಲೆಯಾಗಿ ಬಾಯಿಪಾಠ ಮಾಡಿಕೊಂಡಿದ್ದ.

ಹಾಗಾದರೆ ಪತ್ರ ಬರೆದವರಿಗೆ ಎರಡು ಹಡಗಿನ ಭೇದ ಗೊತ್ತಿರಲಿಲ್ಲ. ಹಡಗು ಅಂದರೆ ಕಾಂತೇಶನ ಹಡಗು ಒಂದೇ ಎಂದು ತಿಳಿದವರು ಬರೆದದ್ದು.

"ಮೂರು ಸಲ?" ಎಂದಳು ಬಸವೇಶ್ವರಿ, ಹೊಸ್ತಿಲಿನಿಂದ. "ಮುಂಬೈಗೆ ಡಾಕ್ಟರ್ ಸರ್ಟಿಫಿಕೇಟಿಗೆ ಅಂತ ಹೋದ್ರಿ. ಇದಕ್ಕ ಹೋಗಿದ್ರಾ? ನನಗ್ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ಮೂರು ಸಲ ಹೊಸ್ತಿಲದಾಗಿಂದ ತಿರುಗಿ ಕಳಿಸಿದ್ರು ಅಂತಾನಾ?"

"ಹೇಳಬೇಕಿತ್ತು," ಎಂದಳು ಅವಳು. "ನೀವು ನಂಗ ಹೇಳಬೇಕಿತ್ತು."

ಅದೇ ಮಾತನ್ನು ಎರಡು ಸಲ ಅಂದಳು. ಅವಳ ಬೆರಳಿನಿಂದ ಕುಚ್ಚಿನ ದಾರ ಜಾರಿ, ಕಟ್ಟಿದ್ದ ಗಂಟುಗಳೆಲ್ಲ ಒಂದೊಂದಾಗಿ ಬಿಚ್ಚಿಕೊಂಡವು. ಅವಳು ಅದನ್ನು ನೋಡಲೂ ಇಲ್ಲ.

ಹಂಪಣ್ಣ ನೋಡಿದ.

"ಕಾಂತೇಶ," ಎಂದ ಮೆತ್ತಗೆ, "ಎಲಿ ಅಡಕಿ ತೀರ್ಯಾವ. ಬಸ್ ಸ್ಟ್ಯಾಂಡಿನ ಡಬ್ಬಿ ಅಂಗಡ್ಯಾಗ ತಂದು ಕೊಡ್ತೀಯೇನಪಾ? ನನ್ನ ಕಾಲು ಸೋತಾವ."

ಕಾಂತೇಶ ನೋಟ್‌ಬುಕ್ಕನ್ನು ಪೆಟ್ಟಿಗೆಗೆ ಹಾಕಿ ಚಪ್ಪಲಿ ಮೆಟ್ಟಿಕೊಂಡು ಹೋದ. ಅವನ ಹೆಜ್ಜೆಯ ಸಪ್ಪಳ ಓಣಿಯ ಮೂಲೆ ದಾಟುವ ತನಕ ಹಂಪಣ್ಣ ಬಾಯಿ ತೆರೆಯಲಿಲ್ಲ. ಆಮೇಲೂ ತೆರೆಯಲಿಲ್ಲ. ಸುಮ್ಮನೆ ಕೂಡುವುದು ಅವನ ಹಳೆಯ ಯುಕ್ತಿ. ಖಾಲಿ ಎಲೆಯ ಮುಂದೆ ಬಡಿಸುವವನು ಸುಮ್ಮನೆ ನಿಂತರೆ, ಉಣ್ಣುವವನೇ ತನಗೆ ಏನು ಬೇಕು ಅಂತ ಹೇಳಿಬಿಡುತ್ತಾನೆ.

"ಹಡಗಿನ್ಯಾಗೂ ಪಂಕ್ತಿ ಇರ್ತಾವಂತ ನಂಗೇನು ಗೊತ್ತಿತ್ತು ಕಾಕಾ?" ಎಂದಳು ಬಸವೇಶ್ವರಿ.

ಹಂಪಣ್ಣ ತಲೆಯಾಡಿಸಿದ.

"ಇವರು ಹೇಳಿದ್ದೇ ನಾ ಬರೆಸಿದ್ದು. ಖೋಲಿ, ಟವಲು, ಕಾರ್ಡು, ಎಲ್ಲಾ. ಮುದುಕಿದು ಇವರ ಗೆಳೆಯ ಒಬ್ಬ ಮಾಡಿದ್ದು. ಊಟಕ್ಕ ಕುಂತಾಗ ಹೇಳಿದ್ರು. ಗದ್ವಾಲದಾಗ ಜೆರಾಕ್ಸ್ ಅಂಗಡಿಯವಂಗ ಬಾಯಲೆ ಹೇಳಿ ಒತ್ತಿಸಿದೆ. ಅವಂಗ ನಾ ಯಾರಂತ ಗೊತ್ತಿಲ್ಲ. ಫೋನಿನ್ಯಾಗ ಕಳಿಸಿದ್ರ ನಂಬರ್ ಬರ್ತೈತಿ, ಟಪಾಲಿಗೆ ಮುಖ ಇಲ್ಲ."

"ತಂಗಿ ಮ್ಯಾಲೆ ಇಷ್ಟು ಸಿಟ್ಟಾ?"

"ಪದ್ಮಿ ಮ್ಯಾಲೆ ಎಲ್ಲೈತ್ರಿ ಸಿಟ್ಟು? ಅಕಿನ್ನ ಬಗಲಾಗ ಎತಗೊಂಡು ಬೆಳಸೀನಿ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಆ ಬಕೀಟು ಕಾಕಾ. ನನ್ನ ಗಂಡ ಬಕೀಟು ಹಿಡಕೊಂಡು ಬಗ್ಗ್ಯಾನ, ಅಕಿ ಗಂಡ ಆಗಾವ ಬೆಳ್ಳಿ ತಟ್ಟಿ ಮುಂದ ಕುಂತಾನ, ನಮ್ಮಪ್ಪ ಹಲ್ಲು ಕಿಸ್ಯಾನ. ಇಬ್ಬರೂ ಹಡಗಿನ್ಯಾಗೇ ಮಂದಿ ಎಂಜಲ ಎತ್ತಾವರು. ಒಬ್ಬಂವ ಹೆಂಗ ಮ್ಯಾಲಾದ, ಒಬ್ಬಂವ ಹೆಂಗ ಕೆಳಗಾದ? ಅವತ್ತಿಂದ ನನ್ನ ಹೊಟ್ಟ್ಯಾಗ ಕೆಂಡ ಇಟ್ಟಂಗ ಆಗೇತಿ. ನಮ್ಮವ್ವ ಫೋನು ಮಾಡಿದ್ರ ಅವನದೇ ಸುದ್ದಿ. ತವರಿಗೆ ಹೋದ್ರ ಅವನದೇ ಸುದ್ದಿ. ಪದ್ಮಿ ಅಂತೂ ಬಾಯಿ ತೆಗದ್ರ ಆ ಹಡಗು. 'ಅಕ್ಕಾ, ಅಲ್ಲಿ ಹಂಗಂತ, ಅಲ್ಲಿ ಹಿಂಗಂತ.' ನಾ ಒಂದು ಮಾತು ಪೂರಾ ಕೇಳಿಲ್ಲ. ಅಕಿ ಶುರು ಮಾಡಿದ್ರ ನಾ ಎದ್ದು ಹಿತ್ತಲಿಗೆ ಹೋಗ್ತಿದ್ದೆ."

"ಕೇಳಿದ್ದಿದ್ರ ಈ ತಪ್ಪು ಆಗ್ತಿರಲಿಲ್ಲ," ಎಂದ ಹಂಪಣ್ಣ.

"ಯಾವ ತಪ್ಪು? ಬರಿಯೋದಾ, ಸಿಕ್ಕಿಬೀಳೋದಾ?"

ಓಣಿಯ ತುದಿಯಲ್ಲಿ ಕಾಂತೇಶನ ಧ್ವನಿ ಕೇಳಿಸಿತು, ಯಾರಿಗೋ ತೆಲುಗಿನಲ್ಲಿ ನಮಸ್ಕಾರ ಹೇಳುತ್ತಿದ್ದ. ಬಸವೇಶ್ವರಿ ಎದ್ದು ಬಂದು ಮುದುಕನ ಪಾದದ ಹತ್ತಿರ ಕುಕ್ಕರುಗಾಲಲ್ಲಿ ಕೂತಳು.

"ನೀವು ನಮ್ಮಪ್ಪಗ ಹೇಳಿದ್ರ ಅವ ಊರಿಗೆಲ್ಲ ಹೇಳ್ತಾನ. ಇವರ ಕಿವಿಗೆ ಬೀಳ್ತೈತಿ. ಹೆಂಡ್ತಿ ನನ್ನ ಸಲುವಾಗಿ ಇಂಥಾ ಹೊಲಸು ಕೆಲಸ ಮಾಡಿದ್ಲು ಅಂದ್ರ ಇವರು ಮತ್ತ ಈ ಮನಿಗೆ ಬರಂಗಿಲ್ಲ, ಹಡಗು ಹತ್ತಿದಾವರು ಹತ್ತಿದಂಗ. ಬುಧವಾರ ನಾನೇ ನಾರಾಯಣಪೇಟಿಗೆ ಹೋಗ್ತೀನಿ. ಪದ್ಮಿ ಕಾಲು ಹಿಡೀತೀನಿ. ಪತ್ರ ಸುಳ್ಳಂತ ಅಕಿನೇ ಅಪ್ಪಗ ಹೇಳ್ಲಿ, ನನ್ನ ಹೆಸರು ಅಕಿ ಬೇಕಾದ್ರ ಹೇಳ್ಲಿ, ಬ್ಯಾಡಾದ್ರ ಬಿಡ್ಲಿ. ಗುರುವಾರತನಕ ಬಾಯಿ ಮುಚ್ಚಿಕೊಂಡಿರ್ರಿ. ಶುಕ್ರವಾರಕ್ಕ ಇನ್ನಾ ಒಂದು ದಿನ ಇರ್ತೈತಿ."

ತಹಕೀಕಾತಿನಲ್ಲಿ ಹಂಪಣ್ಣನ ನೇಮ ಒಂದೇ. ಸಿಕ್ಕ ಸತ್ಯವನ್ನು ಕಳಿಸಿದವರ ಮನೆಗೆ ಅದೇ ದಿನ ಮುಟ್ಟಿಸಬೇಕು. ನಲವತ್ತು ವರ್ಷ ಅದನ್ನು ಮುರಿದಿರಲಿಲ್ಲ. ಆದರೆ ಬಕೆಟ್ಟು ಕೊಟ್ಟದ್ದು ತನ್ನ ಕೈಯೇ.

"ಗುರುವಾರ," ಎಂದ. "ಒಂದು ದಿನ ಹೆಚ್ಚಿಲ್ಲ."

ಕಾಂತೇಶ ಎಲೆ ಅಡಿಕೆ ತಂದುಕೊಟ್ಟ. "ಪತ್ರ ಬರದಾವ ಸಿಕ್ಕಮ್ಯಾಲ ನಂಗೂ ಒಮ್ಮೆ ಮುಖ ತೋರಿಸ್ರಿ ಕಾಕಾ," ಎಂದು ನಕ್ಕ. "ಕಾರ್ಡು ಯಾವ ಹಡಗಿನ್ಯಾಗ ಇರ್ತೈತಿ, ಯಾವುದ್ರಾಗ ಇಲ್ಲಂತ ಪಾಠ ಹೇಳ್ತೀನಿ ಆ ಬುದ್ಧಿಗೇಡಿಗೆ."

ಬಸವೇಶ್ವರಿ ಬಿಚ್ಚಿಹೋದ ದಾರವನ್ನು ಉಂಡೆ ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ.

ಮಂಗಳವಾರ ಹಂಪಣ್ಣ ಮನೆಯಿಂದ ಹೊರಗೆ ಬೀಳಲಿಲ್ಲ. ಬುಧವಾರ ಜಂಬಪ್ಪನ ಅಂಗಡಿಯ ಓಣಿ ತಪ್ಪಿಸಿ ಬೇರೆ ದಾರಿಯಲ್ಲಿ ಸಂತೆಗೆ ಹೋಗಿ ಬಂದ. ಗುರುವಾರ ಹನ್ನೊಂದು ಗಂಟೆಗೆ ಬಿಳಿ ಧೋತರ ಉಟ್ಟು ಜಂಬಪ್ಪನ ಮನೆಯ ಮೆಟ್ಟಿಲು ಹತ್ತಿದ.

ಅಂಗಳದಲ್ಲಿ ಜಂಬಪ್ಪ ಬರಿಗಾಲಲ್ಲಿ ನಿಂತಿದ್ದ. ಅಂಗಿಯ ಗುಂಡಿ ಹಾಕಿರಲಿಲ್ಲ. ಬಸವೇಶ್ವರಿ ಕಂಬಕ್ಕೆ ಒರಗಿ ಕೂತಿದ್ದಳು.

"ಪದ್ಮಿ ನಿನ್ನ ಹತ್ರ ಬಂದಿದ್ಲೇನು?" ಎಂದು ಜಂಬಪ್ಪ ಕೇಳಿದ.

"ಇಲ್ರೀ ಸಾವ್ಕಾರ್ರ. ಯಾಕ್ರೀ?"

ಜಂಬಪ್ಪ ಫೋನು ಹಿಡಿದು ಬೀದಿಗೆ ಹೋದ. ಹಂಪಣ್ಣ ಕಂಬದ ಬಳಿ ಕೂತ.

"ಹೇಳಿದ್ಯಾ?"

"ನಿನ್ನೆ ಸಂಜಿಮುಂದ ಹೇಳಿದೆ," ಎಂದಳು ಬಸವೇಶ್ವರಿ. ರಾತ್ರಿಯೆಲ್ಲ ಅತ್ತ ಕಣ್ಣು. "ಕಾಲು ಹಿಡಕೊಂಡು ಹೇಳಿದೆ. ಅಕಿ ಬೈಲಿಲ್ಲ, ಅಳಲಿಲ್ಲ. ನನ್ನ ಎಬ್ಬಿಸಿ ಕೂಡಿಸಿದ್ಲು. 'ಪತ್ರ ಸುಳ್ಳಂತ ಬಂದ ದಿನಾನೇ ಗೊತ್ತಾತಕ್ಕಾ' ಅಂದ್ಲು. 'ಎರಡು ತಿಂಗಳಿಂದ ದಿನಾ ಅವನ ಫೋನಿನ್ಯಾಗ ಆ ಹಡಗಿನ ಮಾತೇ ಕೇಳೀನಿ. ಅಲ್ಲಿ ಕಾರ್ಡು ಇಲ್ಲ, ಆನಿ ಇಲ್ಲ. ಅದು ನಿನ್ನ ಬಾಯಿ ಅಂತಾನೂ ತಿಳೀತು.'"

ಸಿದ್ದರಾಮೇಶನ ಹಡಗನ್ನು ಬಲ್ಲ ಯಾರಿಗೇ ಆದರೂ ಆ ಪತ್ರ ಒಂದೇ ಓದಿಗೆ ಸುಳ್ಳೆಂದು ತಿಳಿಯಬೇಕು. ಅದನ್ನು ಅವನೇ ಸೋಮವಾರ ಕಾಂತೇಶನ ಎದುರು ಬಿಡಿಸಿಟ್ಟಿದ್ದ. ಈ ಮನೆಯಲ್ಲೇ ಅದನ್ನು ಬಲ್ಲವಳು ಒಬ್ಬಳಿದ್ದಾಳೆ ಎಂಬುದು ಮಾತ್ರ ಇಷ್ಟು ದಿನ ಅವನ ತಲೆಗೆ ಹೊಳೆದಿರಲಿಲ್ಲ.

"ಮತ್ತ ಅಪ್ಪಗ ಯಾಕ ಹೇಳಲಿಲ್ಲಂತ?"

"ನಾನೂ ಅದನ್ನೇ ಕೇಳಿದೆ. ಲಕೋಟಿ ಒಡದು ಅಪ್ಪಗ ಓದಿ ಹೇಳಿದಾಕಿನೂ ಅಕಿನೇ ಕಾಕಾ. ಒಂದಕ್ಷರ ಬಿಡದಂಗ ಓದ್ಯಾಳ. ಅಪ್ಪ ಸಿಟ್ಟಿಗೆದ್ದಾಗ ಸುಮ್ನ ನಿಂತಾಳ." ಬಸವೇಶ್ವರಿ ತನ್ನ ಜಡೆ ಮುಟ್ಟಿ ನೋಡಿಕೊಂಡಳು. "'ನೀ ಬರೀಲಿಲ್ಲ ಅಂದ್ರ ಈ ಮದುವಿ ನಿಲ್ಲಿಸಾಕ ನಾ ಏನಾರ ಬರೀಬೇಕಾಗ್ತಿತ್ತು' ಅಂದ್ಲು. ಅಷ್ಟೇ. ಯಾಕಂತ ಎಷ್ಟು ಕೇಳಿದ್ರೂ ಬಾಯಿ ಬಿಡಲಿಲ್ಲ. ನನ್ನ ತಲಿ ಬಾಚಿ, ಜಡಿ ಹಾಕಿ, ಮಲಗಿಸಿದ್ಲು."

"ಈಗ ಎಲ್ಲಿ?"

ಹೊರಗಿನಿಂದ ಜಂಬಪ್ಪ ಬಂದ. ಬಸ್ ಸ್ಟ್ಯಾಂಡಿನ ಚಹಾದವನು ಹೇಳಿದ್ದನ್ನು ನಿಂತಲ್ಲೇ ಹೇಳಿದ. ಪದ್ಮಿಯ ಕೈಯಲ್ಲಿ ಒಂದೇ ಚೀಲ ಇತ್ತಂತೆ. ಮೈಮೇಲೆ ಒಂದು ಒಡವೆಯೂ ಇರಲಿಲ್ಲವಂತೆ. ಗದ್ವಾಲದ ಬಸ್ಸು ನಿಂತಿತ್ತು, ಅದನ್ನು ಹತ್ತಲಿಲ್ಲ. ಉಟ್ಕೂರಿನ ಆಟೋದವನು ಕರೆದ, ಅವನ ಕಡೆ ತಿರುಗಿಯೂ ನೋಡಲಿಲ್ಲ.

ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ, ಇನ್ನೂ ಯಾರೂ ಚಹಾ ಕುಡಿಯುವ ಮುಂಚೆ, ಇಬ್ಬರು ವರರ ಊರನ್ನೂ ಬಿಟ್ಟು ರಾಯಚೂರಿನ ಬಸ್ಸಿನಲ್ಲಿ ಪದ್ಮಶ್ರೀ ಹೊರಟುಹೋಗಿದ್ದಳು.